ತುಂಡಾಗಿ ಬರುವ ಅರ್ಜಿ, ತುಂಡಾಗಬಾರದ ಹೆಸರು

(ಆರ್.ಟಿ. ನಗರದಲ್ಲಿ ನಡೆದ ಶಿಕ್ಷಕರ ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಉರ್ದು, ಕನ್ನಡ ಪಾಠ ಹೇಳುವ ನಾನು ಕಂಪ್ಯೂಟರಿನ ವಿಷಯ ಏಕೆ ಎತ್ತಿಕೊಂಡೆ ಎಂದು ನೀವು ಕೇಳಬಹುದು. ಕಾರಣ ನನ್ನದೇ ಒಂದು ತಪ್ಪು. ನನ್ನ ತರಗತಿಯ ಹುಡುಗಿಯೊಬ್ಬಳು ವಿದ್ಯಾರ್ಥಿವೇತನಕ್ಕೆ ಆನ್‌ಲೈನ್ ಅರ್ಜಿ ಹಾಕಿದಳು. ಅರ್ಜಿ ತಿರಸ್ಕೃತವಾಯಿತು. ಅಚ್ಚು ಹಾಕಿದ ಪ್ರತಿಯಲ್ಲಿ ಅವಳ ಕನ್ನಡದ ಹೆಸರಿನ ಮಧ್ಯೆ ಒಂದು ಅಕ್ಷರದ ಬದಲು ಪ್ರಶ್ನಾರ್ಥಕ ಚಿಹ್ನೆಯಿದ್ದ ಕಪ್ಪು ಗುರುತುಗಳು ಕುಳಿತಿದ್ದವು. "ಮಿಸ್, ನಾನು ಸರಿಯಾಗೇ ಟೈಪ್ ಮಾಡಿದ್ದೆ" ಎಂದಳು. ನಾನು ನಂಬಲಿಲ್ಲ. ಎಲ್ಲರ ಮುಂದೆ ಗದರಿಸಿದೆ. ಮರುದಿನ ನನ್ನ ಎದುರಿಗೇ ಅದೇ ಹೆಸರನ್ನು ಹಾಗೆಯೇ ಟೈಪ್ ಮಾಡಿ ಕಳುಹಿಸಿದಳು, ಸರಿಯಾಗಿ ಹೋಯಿತು!

ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೆಲಸ ಮಾಡುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಆ ಪ್ರತಿ ತೋರಿಸಿದೆ. ಅವನು ನೋಡಿದ ಕೂಡಲೇ, "ಮಿಸ್, ತಪ್ಪು ಹುಡುಗಿಯದ್ದಲ್ಲ, ಅರ್ಜಿ ತೆಗೆದುಕೊಂಡವರದ್ದು ಇರಬೇಕು" ಎಂದ. ಅವನು ಬಿಡಿಸಿ ಹೇಳಿದ್ದನ್ನೇ ಇಂದು ನಿಮ್ಮ ಮುಂದಿಡುತ್ತೇನೆ.

ಯಶವಂತಪುರದ ಎ.ಪಿ.ಎಂ.ಸಿ. ಯಾರ್ಡಿಗೆ ಈರುಳ್ಳಿ ಲಾರಿ ಬಂದಾಗ ಏನು ನಡೆಯುತ್ತದೆ? ಇಡೀ ಲಾರಿಯನ್ನು ಯಾರೂ ತಲೆಯ ಮೇಲೆ ಹೊರುವುದಿಲ್ಲ. ಹಮಾಲಿ ಒಂದೊಂದೇ ಮೂಟೆ ಇಳಿಸುತ್ತಾನೆ, ಒಬ್ಬರು ಎಣಿಸುತ್ತಾರೆ, ಕೊನೆಯ ಮೂಟೆ ಇಳಿದ ಮೇಲೆಯೇ ಲೆಕ್ಕ ಮುಗಿಯುತ್ತದೆ. ನೀವು 'ಸಲ್ಲಿಸು' ಒತ್ತಿದಾಗಲೂ ಹಾಗೆಯೇ. ಅರ್ಜಿಯು ಜಾಲದಲ್ಲಿ ಸಣ್ಣ ಸಣ್ಣ ಪೊಟ್ಟಣಗಳಾಗಿ ಹೋಗುತ್ತದೆ. ಒಂದು ಪೊಟ್ಟಣದಲ್ಲಿ ಸಾಮಾನ್ಯವಾಗಿ ಹೆಚ್ಚೆಂದರೆ 1500 ಬೈಟ್. ಎರಡು ಲಕ್ಷ ಬೈಟಿನ ಒಂದು ಭಾವಚಿತ್ರಕ್ಕೇ 130ಕ್ಕೂ ಹೆಚ್ಚು ಪೊಟ್ಟಣ ಬೇಕು. ಸರ್ವರಿನಲ್ಲಿರುವ ಪ್ರೋಗ್ರಾಮಿನ ಕೈಗೆ ಅವು ತುಂಡು ತುಂಡಾಗಿ, ಆದರೆ ಕಳುಹಿಸಿದ ಕ್ರಮದಲ್ಲೇ ಬರುತ್ತವೆ. ಈ ಹರಿವಿಗೆ ಸ್ಟ್ರೀಮ್ ಎಂದು ಹೆಸರು. ತುಂಡು ಎಲ್ಲಿ ಮುಗಿಯುತ್ತದೆ ಎಂಬುದು ಮಾತ್ರ ಯಾರ ಕೈಯಲ್ಲೂ ಇಲ್ಲ.

ಈಗ ಭಾಷೆಯ ಮಾತಿಗೆ ಬರೋಣ. ಜಗತ್ತಿನ ಲಿಪಿಗಳನ್ನು ಕಳುಹಿಸಲು ಇಂದು ಹೆಚ್ಚಾಗಿ ಬಳಸುವ ಯುಟಿಎಫ್-8 ಪದ್ಧತಿಯನ್ನು ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದರು. ಅದರಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್, ಉರ್ದು ಅಕ್ಷರಕ್ಕೆ 2, ಕನ್ನಡದ ಪ್ರತಿ ಚಿಹ್ನೆಗೆ 3. ಕಾಗುಣಿತದ ಚಿಹ್ನೆಯೂ ಬೇರೆಯೇ 3 ಬೈಟ್. ಉದಾಹರಣೆಗೆ 'ಫಾತಿಮಾ' ಎಂಬ ಹೆಸರು. ಉರ್ದುವಿನಲ್ಲಿ ಫೇ, ಅಲಿಫ್, ತೋಯ್, ಮೀಮ್, ಹೇ, ಒಟ್ಟು 5 ಅಕ್ಷರ, 10 ಬೈಟ್. ಕನ್ನಡದಲ್ಲಿ 3 ವ್ಯಂಜನ, 3 ಸ್ವರಚಿಹ್ನೆ, ಒಟ್ಟು 18 ಬೈಟ್.

18 ಬೈಟುಗಳ ನಡುವೆ 17 ಸಂದುಗಳಿವೆ. ತುಂಡು ಎರಡು ಚಿಹ್ನೆಗಳ ನಡುವಿನ 5 ಸಂದುಗಳಲ್ಲಿ ಕಡಿದರೆ ತೊಂದರೆಯಿಲ್ಲ. ಉಳಿದ 12ರಲ್ಲಿ ಎಲ್ಲಿ ಕಡಿದರೂ ಒಂದು ಚಿಹ್ನೆ ಎರಡು ಹೋಳು. ಉರ್ದುವಿನಲ್ಲಿ 9 ಸಂದುಗಳಲ್ಲಿ 5 ಅಪಾಯದವು. ಇಂಗ್ಲಿಷಿನಲ್ಲಿ? ಒಂದೂ ಇಲ್ಲ!

ಪ್ರೋಗ್ರಾಮು ಬರೆದವರು ತುಂಡು ಬಂದ ಕೂಡಲೇ ಅದನ್ನು ಅಕ್ಷರಕ್ಕೆ ತಿರುಗಿಸಿ ಮುಂದಿನದಕ್ಕೆ ಅಂಟಿಸುತ್ತ ಹೋದರೆ, ಅರ್ಧ ಅಕ್ಷರ ಯಾವ ಅಕ್ಷರವೂ ಆಗದೆ ಆ ಕಪ್ಪು ಗುರುತಾಗುತ್ತದೆ. ಇಂಗ್ಲಿಷ್ ಹೆಸರುಗಳಿಂದಷ್ಟೇ ಪರೀಕ್ಷಿಸಿದವರಿಗೆ ಈ ದೋಷ ಎಂದಿಗೂ ಕಾಣುವುದಿಲ್ಲ. ಕನ್ನಡದಲ್ಲೂ ಸಾವಿರಕ್ಕೊಂದು ಅರ್ಜಿಯಲ್ಲಿ ಕಂಡರೆ ಉಂಟು. ಮರುದಿನ ತುಂಡು ಬೇರೆ ಕಡೆ ಕಡಿಯುತ್ತದೆ, ಹೆಸರು ಸರಿಯಾಗಿ ಹೋಗುತ್ತದೆ. ದೂರು ಮಾತ್ರ ಮಗುವಿನ ತಲೆಗೆ.

ಪರಿಹಾರ ಕಷ್ಟದ್ದಲ್ಲ. ಸಣ್ಣ ಅರ್ಜಿಯಾದರೆ ಎಲ್ಲ ಬೈಟುಗಳನ್ನೂ ಹಾಗೆಯೇ ಕೂಡಿಟ್ಟು, ಕೊನೆಯ ತುಂಡು ಬಂದ ಮೇಲೆ ಒಮ್ಮೆಗೇ ಅಕ್ಷರಕ್ಕೆ ತಿರುಗಿಸಬೇಕು. ಇಲ್ಲವೇ ಅರ್ಧ ಅಕ್ಷರವನ್ನು ಮುಂದಿನ ತುಂಡಿನವರೆಗೆ ಕಾದಿಡುವ ಸಾಧನ ಬಳಸಬೇಕು. ಕನ್ನಡದ ಪ್ರತಿ ಚಿಹ್ನೆಯ ಮೊದಲ ಬೈಟ್ 224. 'ನನ್ನ ಹಿಂದೆ ಇನ್ನಿಬ್ಬರಿದ್ದಾರೆ' ಎಂದು ಅದೇ ಹೇಳುತ್ತದೆ. ರಯಾನ್ ಡಾಲ್ 2009ರಲ್ಲಿ ಹೊರತಂದ ನೋಡ್ ಜೆಎಸ್‌ನಲ್ಲಿ 'ಸೆಟ್‌ಎನ್‌ಕೋಡಿಂಗ್' ಎಂಬ ಒಂದೇ ಸಾಲು ಈ ಕೆಲಸ ಮಾಡುತ್ತದೆ.

ಇನ್ನೂ ಮೂರು ಎಚ್ಚರಿಕೆಗಳಿವೆ. ದೊಡ್ಡ ಕಡತವನ್ನು ಪೂರ್ತಿ ಸ್ಮೃತಿಯಲ್ಲಿ ತುಂಬಿಸದೆ, ಬಂದಷ್ಟನ್ನು ಡಿಸ್ಕಿಗೆ ಬರೆಯಬೇಕು. ಡಿಸ್ಕ್ ನಿಧಾನವಾದರೆ ಹರಿವನ್ನು ಸ್ವಲ್ಪ ತಡೆಯಬೇಕು, ಗೋದಾಮಿನಲ್ಲಿ ಜಾಗವಾಗುವವರೆಗೆ ಹಮಾಲಿಯನ್ನು ನಿಲ್ಲಿಸುವಂತೆ. ಎರಡನೆಯದಾಗಿ, ಕಳುಹಿಸುವವರು ಹೇಳಿದ ಗಾತ್ರವನ್ನು ನಂಬದೆ ತಾವೇ ಎಣಿಸಬೇಕು. ಮಿತಿ ಮೀರಿದರೆ 413 ಎಂಬ ಉತ್ತರ ಕೊಟ್ಟು ನಿಲ್ಲಿಸಬೇಕು. ಮೂರನೆಯದಾಗಿ, ನಡುವೆ ಸಂಪರ್ಕ ಕಡಿದರೆ ಅರ್ಧ ಅರ್ಜಿಯನ್ನು ಪೂರ್ತಿ ಅರ್ಜಿಯೆಂದು ದಾಖಲಿಸಬಾರದು.

ಪ್ರೀತಿಯ ವಿದ್ಯಾರ್ಥಿಗಳೇ, ನಾಳೆ ನೀವೂ ಇಂಥ ಪ್ರೋಗ್ರಾಮು ಬರೆಯುವವರಾದರೆ, ನಿಮ್ಮ ಅಜ್ಜಿಯ ಹೆಸರನ್ನು ಕನ್ನಡದಲ್ಲೂ ಉರ್ದುವಿನಲ್ಲೂ ಬರೆದು, ಅದನ್ನು ಒಂದೊಂದೇ ಬೈಟಾಗಿ ಕಳುಹಿಸಿ ಪರೀಕ್ಷಿಸಿರಿ. ಅದು ಉಳಿದರೆ ಎಲ್ಲರ ಹೆಸರೂ ಉಳಿದೀತು. ಶಿಕ್ಷಕ ಬಂಧುಗಳೇ, ಅರ್ಜಿ ಸಲ್ಲಿಸಿದ ಕೂಡಲೇ ಪ್ರತಿ ತೆಗೆದು ಹೆಸರನ್ನು ಅಕ್ಷರ ಅಕ್ಷರವಾಗಿ ನೋಡಿರಿ. ಕಪ್ಪು ಗುರುತು ಕಂಡರೆ ಪ್ರತಿಯ ಸಮೇತ ಸಂಬಂಧಪಟ್ಟವರಿಗೆ ದೂರು ಕೊಡಿರಿ. ಮಗುವನ್ನು ಗದರಿಸಬೇಡಿರಿ.

ಆ ಹುಡುಗಿಯನ್ನು ಗದರಿಸಿದ್ದು ಎಲ್ಲರ ಮುಂದೆ. ಆದ್ದರಿಂದ ಕ್ಷಮೆಯನ್ನೂ ಎಲ್ಲರ ಮುಂದೆಯೇ ಕೇಳಿದೆ. ಅವಳು ನಾಚಿ ತಲೆ ತಗ್ಗಿಸಿ, "ಪರವಾಗಿಲ್ಲ ಮಿಸ್" ಎಂದಳು. ಈಗ ಹೊಸ ಅರ್ಜಿ ತುಂಬುವವರಿಗೆಲ್ಲ ಪ್ರತಿ ತೆಗೆದು ಹೆಸರು ಓದಿ ನೋಡುವುದನ್ನು ಅವಳೇ ಹೇಳಿಕೊಡುತ್ತಾಳೆ.