ಹಿಡುವಳಿಯಲ್ಲಿ ಅಡಗಿರುವ ಬೆಲೆ

(ಹಿಡುವಳಿದಾರರಿಗೂ ಗ್ರಾಮದ ಮುಖಂಡರಿಗೂ ಮಾಡಿದ ಉಪನ್ಯಾಸ)



ಈ ದಿವಸ ತಮ್ಮಲ್ಲಿ ಅರಿಕೆ ಮಾಡಬೇಕೆಂದಿರುವ ವಿಷಯವು ಹೊಸ ಬೀಜವನ್ನಾಗಲಿ ಹೊಸ ಯಂತ್ರವನ್ನಾಗಲಿ ಕುರಿತುದಲ್ಲ. ತಮ್ಮ ಸ್ವಾಧೀನದಲ್ಲಿ ಈಗಾಗಲೇ ಇರುವ ಭೂಮಿಯ ಬೆಲೆಯನ್ನು ತಾವೇ ತಿಳಿದುಕೊಳ್ಳುವ ಬಗೆಯನ್ನು ಕುರಿತುದು. ಜಮೀನಿನ ಬೆಲೆಯೆಂದರೆ ನಾವು ಸಾಮಾನ್ಯವಾಗಿ ಎರಡು ಅಂಕಿಗಳನ್ನು ಮಾತ್ರ ನೆನೆಯುತ್ತೇವೆ. ಒಂದು, ಕಳೆದ ವರ್ಷ ಮನೆಗೆ ಬಂದ ಫಸಲು; ಇನ್ನೊಂದು, ನೆರೆಯ ಜಮೀನು ವಿಕ್ರಯವಾದ ಕ್ರಯ. ಇವೆರಡೂ ಭೂಮಿಯು ಇದುವರೆಗೆ ಕೊಟ್ಟುದನ್ನು ಹೇಳುವುವೇ ಹೊರತು ಮುಂದೆ ಕೊಡಬಲ್ಲುದನ್ನು ಹೇಳಲಾರವು.

ಈ ವಿಷಯವನ್ನು ಈಗಲೇ ಯೋಚಿಸಲು ಕಾರಣವುಂಟು. 2020ರಲ್ಲಿ ಕರ್ನಾಟಕದ ಭೂಸುಧಾರಣಾ ಶಾಸನಕ್ಕೆ ತಿದ್ದುಪಡಿಯಾಗಿ, ಒಕ್ಕಲಿನವರಲ್ಲದವರು ವ್ಯವಸಾಯದ ಭೂಮಿಯನ್ನು ಕೊಳ್ಳುವುದಕ್ಕಿದ್ದ ಮುಖ್ಯ ನಿರ್ಬಂಧಗಳು ತೆಗೆಯಲ್ಪಟ್ಟವು. ಕೊಳ್ಳಲು ಬರುವವನು ದಾರಿ, ನೀರು, ಮರ, ಊರಿನ ದೂರ, ಎಲ್ಲವನ್ನೂ ಹೊಸ ಕಣ್ಣಿನಿಂದ ನೋಡಿ, ಎಣಿಸಿ, ಆಮೇಲೆ ಮಾತಿಗೆ ತೊಡಗುವನು. ಮಾರುವವನಾದರೋ ಮದುವೆಯ ಖರ್ಚಿಗೋ ಸಾಲದ ಒತ್ತಾಯಕ್ಕೋ ಅವಸರಪಟ್ಟು, ದಿನವೂ ನೋಡಿದ ಅಭ್ಯಾಸದಿಂದಲೇ ಏನನ್ನೂ ಕಾಣದೆ ಒಪ್ಪಿಬಿಡುವನು. ಒಮ್ಮೆ ಕೈಬಿಟ್ಟ ಭೂಮಿಯು ಅದೇ ಕ್ರಯಕ್ಕೆ ಹಿಂದಿರುಗಿ ಬರುವುದು ಅಪೂರ್ವ. ಆದಕಾರಣ ಕೊಳ್ಳುವವನು ಎಣಿಸುವುದಕ್ಕೆ ಮೊದಲು ಒಡೆಯನು ಎಣಿಸತಕ್ಕದ್ದು.

1. ದಾಖಲೆಯನ್ನು ನೋಡುವುದು

ಎಣಿಕೆಯು ಪಹಣಿಯಿಂದ ಪ್ರಾರಂಭವಾಗಬೇಕು. ಪಹಣಿಯಲ್ಲಿ ಒಟ್ಟು ವಿಸ್ತೀರ್ಣದೊಳಗಿಂದ ಖರಾಬನ್ನು ಕಳೆದು ತೋರಿಸಿರುತ್ತದೆ. ಖರಾಬಿನಲ್ಲಿ ಎರಡು ಬಗೆ. ಬಂಡೆ, ಕೊರಕಲು ಮುಂತಾದ ಕಾರಣದಿಂದ ಸರ್ವೆಯ ಕಾಲದಲ್ಲಿ ಸಾಗುವಳಿಗೆ ಯೋಗ್ಯವಲ್ಲವೆಂದು ಬಿಟ್ಟುದು ‘ಅ’ ಖರಾಬು. ಬಂಡಿದಾರಿ, ಹಳ್ಳ ಮುಂತಾಗಿ ಸಾರ್ವಜನಿಕರ ಉಪಯೋಗಕ್ಕೆ ಬಿಟ್ಟುದು ‘ಬ’ ಖರಾಬು. ಎರಡನೆಯದು ನಮ್ಮದಲ್ಲ, ಅದನ್ನು ಒತ್ತಿಕೊಂಡರೆ ಲಾಭಕ್ಕಿಂತ ವ್ಯಾಜ್ಯವೇ ಹೆಚ್ಚು. ಮೊದಲನೆಯದಾದರೋ ಅನೇಕ ಕಡೆಗಳಲ್ಲಿ ಜಾಲಿ ಬೆಳೆದು ಹಾಳುಬಿದ್ದಿದೆ. ನೇಗಿಲು ಹೋಗದಿದ್ದ ಮಾತ್ರಕ್ಕೆ ಆ ನೆಲವು ನಿಷ್ಪ್ರಯೋಜಕವಲ್ಲ. ಹುಣಿಸೆ, ಸೀತಾಫಲದ ಗಿಡಗಳಿಗೂ, ಕಣಕ್ಕೂ, ಗೊಬ್ಬರದ ಗುಂಡಿಗೂ, ಕುರಿದೊಡ್ಡಿಗೂ ಅಂಥ ಸ್ಥಳವೇ ಸಾಕು; ಒಳ್ಳೆಯ ನೆಲವು ಅಷ್ಟರಮಟ್ಟಿಗೆ ಪೈರಿಗೆ ಉಳಿಯುವುದು.

2. ಬದುವನ್ನು ಅಳೆಯುವುದು

ಚೌಕವಾದ ಒಂದು ಎಕರೆ ಹೊಲದ ಸುತ್ತಳತೆಯು ಸುಮಾರು 835 ಅಡಿ. ಬದುವಿನ ಅಗಲವು 4 ಅಡಿಯಾದರೆ ಅದು ಆಕ್ರಮಿಸುವ ನೆಲ ಸುಮಾರು 3,340 ಚದರಡಿ; ಗುಂಟೆಗೆ 1,089 ಚದರಡಿಯಂತೆ ಇದು ಮೂರು ಗುಂಟೆಯಾಗುವುದು. ನೆರೆಯವನೊಡನೆ ಸಮಪಾಲೆಂದಿಟ್ಟುಕೊಂಡರೂ ಒಂದೂವರೆ ಗುಂಟೆ ನಮ್ಮದು. ಇಪ್ಪತ್ತಡಿಗೆ ಒಂದರಂತೆ ಮರವನ್ನಿಟ್ಟರೆ ನಮ್ಮ ಪಾಲಿಗೆ ಇಪ್ಪತ್ತು ಮರಗಳು ಬರುವುವು. ಹದ್ದುಬಸ್ತು ಮಾಡಿಸಿ, ನೆರೆಯವನೊಡನೆ ಮಾತನಾಡಿ, ಅನಂತರ ಗಿಡ ನೆಡುವುದು ಮರ್ಯಾದೆಯೂ ಹೌದು, ಕ್ಷೇಮವೂ ಹೌದು.

ಹೊಂಗೆಯನ್ನೇ ನೋಡಿರಿ. ಅದರ ಸೊಪ್ಪು ಹಸುರು ಗೊಬ್ಬರ. ಬೀಜದ ತೂಕದಲ್ಲಿ ಸುಮಾರು ಮೂರನೆಯ ಒಂದು ಭಾಗ ಎಣ್ಣೆ. ಎಣ್ಣೆ ತೆಗೆದ ಹಿಂಡಿಯೂ ಒಳ್ಳೆಯ ಗೊಬ್ಬರವೇ. ವರ್ಷಕ್ಕೊಮ್ಮೆ ಕೊಂಬೆಗಳನ್ನು ಸವರಿದರೆ ನೆರಳಿನಿಂದ ಪೈರಿಗಾಗುವ ಬಾಧೆಯು ಕಡಿಮೆಯಾಗಿ, ಸೊಪ್ಪು ಹೊಲಕ್ಕೆ ಸೇರುವುದು. ರಾಗಿಯ ನಡುವೆ ಅಕ್ಕಡಿಯಾಗಿ ಅವರೆ, ತೊಗರಿಗಳನ್ನು ಬಿತ್ತುತ್ತಿದ್ದ ಹಿರಿಯರು ಸಾಲಿನ ಸಂದನ್ನೂ ವ್ಯರ್ಥ ಮಾಡಲಿಲ್ಲವೆಂಬುದನ್ನು ಇಲ್ಲಿ ನೆನೆಯಬಹುದು.

3. ಮಳೆಯನ್ನು ಲೆಕ್ಕಕ್ಕೆ ತರುವುದು

ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ 3,630 ಘನ ಅಡಿ, ಎಂದರೆ ಒಂದು ಲಕ್ಷ ಲೀಟರಿಗೂ ಮೀರಿದ ನೀರು ಬಿದ್ದಂತಾಯಿತು. ವರ್ಷಕ್ಕೆ 25 ಅಂಗುಲ ಮಳೆ ಬೀಳುವ ಕಡೆಯಲ್ಲಿ ಎಕರೆಗೆ 25 ಲಕ್ಷ ಲೀಟರಿಗೂ ಹೆಚ್ಚಿನ ನೀರು ಆಕಾಶದಿಂದ ಕ್ರಯವಿಲ್ಲದೆ ಬರುತ್ತದೆ. ಬಿರುಮಳೆಯಲ್ಲಿ ಓಡಿಹೋಗುವ ನೀರು ಮೇಲ್ಮಣ್ಣನ್ನೂ ಕೊಂಡೊಯ್ಯುವುದು. ಇಳಿಜಾರಿಗೆ ಅಡ್ಡಲಾಗಿ ಉತ್ತು ಬಿತ್ತಿ, ಬದುವನ್ನು ಭದ್ರಪಡಿಸಿ, ತಗ್ಗಾದ ಮೂಲೆಯಲ್ಲಿ ಹೊಂಡವನ್ನು ತೆಗೆದರೆ, ಕಾಳು ಕಟ್ಟುವ ಸಮಯದಲ್ಲಿ ಮಳೆ ಕೈಕೊಟ್ಟಾಗ ಒಂದು ಸಲ ನೀರುಣಿಸಿ ಬೆಳೆಯನ್ನು ಉಳಿಸಿಕೊಳ್ಳಬಹುದು. ಪೈರಿಗೆ ಪ್ರಯೋಜನವಿಲ್ಲವೆಂದು ಬಿಟ್ಟ ಜವುಗು ಮೂಲೆಯೇ ಹಲವು ವೇಳೆ ಹೊಂಡಕ್ಕೆ ತಕ್ಕ ಸ್ಥಳವಾಗುತ್ತದೆ.

4. ಕಾನೂನು ಬದಲಾದುದನ್ನು ತಿಳಿಯುವುದು

ಕೆಲವು ಸಲ ನೆಲವು ಇದ್ದಂತೆಯೇ ಇದ್ದು, ಕಾನೂನು ಬದಲಾದುದರಿಂದ ಬೆಲೆ ಹುಟ್ಟುವುದು. ಇದಕ್ಕೆ ಶ್ರೀಗಂಧಕ್ಕಿಂತ ಉತ್ತಮವಾದ ನಿದರ್ಶನವಿಲ್ಲ. 18ನೆಯ ಶತಮಾನದ ಅಂತ್ಯಭಾಗದಲ್ಲಿ, ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿ, ಗಂಧವು ರಾಜವೃಕ್ಷವೆನಿಸಿತು. ಮೈಸೂರು ಸಂಸ್ಥಾನದಲ್ಲಿಯೂ ಆ ಪದ್ಧತಿ ಮುಂದುವರಿಯಿತು. 1916ರಲ್ಲಿ ಬೆಂಗಳೂರಿನಲ್ಲಿಯೂ ಮರುವರ್ಷ ಮೈಸೂರಿನಲ್ಲಿಯೂ ಗಂಧದೆಣ್ಣೆಯ ಕಾರ್ಖಾನೆಗಳು ಏರ್ಪಟ್ಟವು. ತನ್ನ ಹೊಲದಲ್ಲಿ ಬೆಳೆದರೂ ಮರವು ತನ್ನದಲ್ಲ, ಕಳುವಾದರೆ ವಿಚಾರಣೆ ಮಾತ್ರ ತನಗೆ, ಎಂಬ ಸ್ಥಿತಿಯಲ್ಲಿ ರೈತನು ಗಂಧದ ಸಸಿಯನ್ನು ಏತಕ್ಕೆ ಕಾಪಾಡುವನು? 2001ರಲ್ಲಿ ಕರ್ನಾಟಕದ ಅರಣ್ಯ ಶಾಸನವು ತಿದ್ದುಪಡಿಯಾಗಿ, ಭೂಮಿಯ ಒಡೆಯನೇ ಅದರಲ್ಲಿನ ಗಂಧದ ಮರಕ್ಕೂ ಒಡೆಯನೆಂದಾಯಿತು. ಹಿಂದೆ ಭಯಕ್ಕೆ ಕಾರಣವಾಗಿದ್ದ ಗಿಡವೇ ಇಂದು ಆಸ್ತಿ.

ಆದರೆ ಆಶೆಯಿಂದ ಮೋಸಹೋಗಬಾರದು. ಗಂಧವು ತನ್ನ ಬೇರನ್ನು ಇತರ ಗಿಡಗಳ ಬೇರಿಗೆ ಹೊಂದಿಸಿ ಆಹಾರವನ್ನು ಹೀರುವುದರಿಂದ ತೊಗರಿ, ಹೊಂಗೆ ಮುಂತಾದ ಆಸರೆ ಗಿಡಗಳು ಹತ್ತಿರವಿರಬೇಕು. ಪರಿಮಳವೂ ಬೆಲೆಯೂ ಇರುವುದು ಚೇಗಿನಲ್ಲಿಯೇ. ಚೇಗು ಬಲಿಯಲು ಹಲವು ವರ್ಷಗಳ ತಾಳ್ಮೆ ಬೇಕು. ಕಳ್ಳರ ಕಾಟವುಂಟು. ಕಡಿಯುವ ಮುನ್ನ ಅರಣ್ಯ ಇಲಾಖೆಯ ಅಪ್ಪಣೆಯನ್ನು ಪಡೆಯಬೇಕು. ಇಷ್ಟನ್ನೂ ಬಲ್ಲವನಿಗೆ ಮಾತ್ರ ಅದು ಲಾಭ.

5. ಮಾರದೆಯೇ ಫಲ ಪಡೆಯುವುದು

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕು ಬರಗಾಲಕ್ಕೆ ಹೆಸರಾದ ಸೀಮೆ. ಅಲ್ಲಿ ಮಳೆ ಕಡಿಮೆ, ಬಿಸಿಲು ಹೇರಳ. ಆ ಬಿಸಿಲೇ ಸಂಪತ್ತೆಂದು ಕಂಡ ಮೇಲೆ ತಿರುಮಣಿ ಮುಂತಾದ ಊರುಗಳ ಸುಮಾರು 13,000 ಎಕರೆ ಭೂಮಿಯಲ್ಲಿ ಸೌರವಿದ್ಯುತ್ತಿನ ಉದ್ಯಾನವು ಏರ್ಪಟ್ಟು 2018ರಲ್ಲಿ ಉದ್ಘಾಟನೆಯಾಯಿತು. ಒಡೆಯರು ಭೂಮಿಯನ್ನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಆರಂಭದಲ್ಲಿ ಗೊತ್ತಾದ ಗುತ್ತಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ನಾಲ್ಕು ಎಕರೆಯುಳ್ಳವನಿಗೆ ವರ್ಷಕ್ಕೆ 84,000 ರೂಪಾಯಿ ಬಂದು, ಭೂಮಿಯ ಹಕ್ಕೂ ಉಳಿಯಿತು. ಇಂಥ ಅವಕಾಶವು ಎಲ್ಲ ಊರಿಗೂ ಬಾರದು. ಬಂದ ಕಡೆಯಲ್ಲಿಯೂ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂಮಿಯಿಲ್ಲದವರಿಗೂ ಕುರಿ ಮೇಯಿಸುತ್ತಿದ್ದವರಿಗೂ ಗುತ್ತಿಗೆಯ ಹಣವು ಸಲ್ಲದೆಂಬುದನ್ನು ಮುಖಂಡರು ಮರೆಯಬಾರದು. ಒಡೆಯರು ಕಲಿಯತಕ್ಕ ಪಾಠವೇನೆಂದರೆ, ಭೂಮಿಯನ್ನು ಮಾರುವುದೂ ಭೂಮಿಯಿಂದ ಫಲ ಪಡೆಯುವುದೂ ಬೇರೆ ಬೇರೆ. ಗುತ್ತಿಗೆಯ ಕರಾರಿನಲ್ಲಿ ಅವಧಿ, ಹೆಚ್ಚಳ, ಕೊನೆಯಲ್ಲಿ ನೆಲವನ್ನು ಯಾವ ಸ್ಥಿತಿಯಲ್ಲಿ ಹಿಂದಿರುಗಿಸಬೇಕೆಂಬ ಷರತ್ತು, ಈ ಮೂರನ್ನೂ ಓದಿಸಿ ಕೇಳಿದ ಹೊರತು ರುಜು ಹಾಕಬೇಡಿರಿ.

6. ಮಾರಬಾರದ ವಸ್ತು

ಇಟ್ಟಿಗೆ ಗೂಡಿಗಾಗಿಯೂ ಮರಳಿಗಾಗಿಯೂ ಹೊಲದ ಮೇಲ್ಮಣ್ಣನ್ನು ಮಾರುವವರುಂಟು. ಇದು ಅಡಗಿದ್ದ ಬೆಲೆಯನ್ನು ತೆಗೆದಂತಲ್ಲ, ಗಂಟನ್ನೇ ಕರಗಿಸಿದಂತೆ. ಬೆಳೆಯನ್ನು ಕೊಯ್ದರೆ ಮತ್ತೆ ಬೆಳೆಯುವುದು, ಮರವನ್ನು ಕಡಿದರೆ ಮತ್ತೆ ನೆಡಬಹುದು. ಒಂದು ಅಡಿ ಮೇಲ್ಮಣ್ಣನ್ನು ಮಾರಿದವನ ಮಗನಾಗಲಿ ಮೊಮ್ಮಗನಾಗಲಿ ಅದನ್ನು ಮರಳಿ ಪಡೆಯಲಾರರು.

ಈಗ ಮಾಡತಕ್ಕ ಕೆಲಸವು ಸುಲಭವಾದುದು. ಪಹಣಿಯನ್ನೂ ನಕ್ಷೆಯನ್ನೂ ಕೈಯಲ್ಲಿ ಹಿಡಿದು, ಮನೆಯ ಹೆಂಗಸರನ್ನೂ ಮಕ್ಕಳನ್ನೂ ಕರೆದುಕೊಂಡು ಹಿಡುವಳಿಯ ಎಲ್ಲೆಯನ್ನು ಒಮ್ಮೆ ಪೂರ್ತಿಯಾಗಿ ಸುತ್ತಿರಿ. ಬದು ಎಷ್ಟು, ಮರ ಎಷ್ಟು, ಖರಾಬು ಯಾವ ಬಗೆಯದು, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುವುದು, ದಾರಿಗೆ ದಾಖಲೆಯುಂಟೇ, ಇವನ್ನು ಒಂದು ಪುಸ್ತಕದಲ್ಲಿ ಬರೆದಿಡಿರಿ. ಮಾರಬೇಕಾದ ಪ್ರಸಂಗ ಬಂದರೆ, ದೊರೆಯುವ ಹಣಕ್ಕೆ ಬರಬಹುದಾದ ವರ್ಷದ ಬಡ್ಡಿಯನ್ನೂ, ಈ ಪಟ್ಟಿಯ ಪ್ರಕಾರ ಭೂಮಿಯು ವರ್ಷಕ್ಕೆ ಕೊಡಬಲ್ಲ ಆದಾಯವನ್ನೂ ಎದುರುಬದುರಾಗಿ ಬರೆದು ನೋಡಿರಿ. ಆಗಲೂ ಮಾರುವುದೇ ಲೇಸೆಂದು ತೋರಿದರೆ ಸಂತೋಷವಾಗಿ ಮಾರಬಹುದು. ಆದರೆ ತಿಳಿದು ಮಾರಿದಂತಾಗುವುದು.

ಮುಖಂಡರಲ್ಲಿ ಒಂದು ಪ್ರಾರ್ಥನೆ. ಊರಿನಲ್ಲಿ ಓದುಬಲ್ಲ ಯುವಕರಿದ್ದಾರೆ. ಅಕ್ಷರ ಬಾರದ ಹಿಡುವಳಿದಾರರಿಗೂ ವಿಧವೆಯರಿಗೂ ಈ ಪಟ್ಟಿಯನ್ನು ಬರೆದುಕೊಡುವಂತೆ ಅವರನ್ನು ಪ್ರೇರಿಸಿರಿ; ಅವಸರದ ವಿಕ್ರಯಗಳಲ್ಲಿ ಮೊದಲು ನಷ್ಟಕ್ಕೆ ಗುರಿಯಾಗುವವರು ಅವರೇ.