ಬೆಟ್ಟ ಇಳಿದವರು, ಬೆಟ್ಟ ಹತ್ತಿದವರು: ಮಲೆನಾಡಿನ ವಲಸೆಯ ಭೂಗೋಳ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ಏರ್ಪಟ್ಟ ಪರಿಸರ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ವಲಸೆ ಎಂದೊಡನೆ ಹೆಚ್ಚಿನವರ ಮನಸ್ಸಿಗೆ ಬರುವುದು ಬರಗಾಲದಲ್ಲಿ ಗುಳೆ ಹೊರಟ ಬಯಲುಸೀಮೆಯ ಕುಟುಂಬ. ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೂಸು, ಬೆಂಗಳೂರಿನ ಕಡೆಗೆ ಹೊರಟ ಬಸ್ಸು. ಈ ಚಿತ್ರ ಸುಳ್ಳಲ್ಲ, ಆದರೆ ಅಪೂರ್ಣವಾದುದು. ಮಳೆ ಧಾರಾಳವಾಗಿ ಸುರಿಯುವ, ಹೊಳೆಗಳು ಬತ್ತದ, ಅಡಿಕೆ ಮತ್ತು ಕಾಫಿ ಬೆಳೆಯುವ ಮಲೆನಾಡಿನಿಂದಲೂ ಜನ ಹೊರಟಿದ್ದಾರೆ, ಇಲ್ಲಿಗೂ ಜನ ಬಂದಿದ್ದಾರೆ. ನೀರಿಲ್ಲದ್ದರಿಂದ ಊರು ಬಿಟ್ಟವರಂತೆಯೇ ನೀರು ಏರಿದ್ದರಿಂದ ಊರು ಬಿಟ್ಟವರೂ ಈ ನಾಡಿನಲ್ಲಿದ್ದಾರೆ. ಆದ್ದರಿಂದ ವಲಸೆಯ ಕಾರಣಗಳನ್ನು ಅರಿಯಲು ಮಲೆನಾಡಿಗಿಂತ ಉತ್ತಮವಾದ ಪಾಠಶಾಲೆ ಬೇರೊಂದಿಲ್ಲ.

ಶಾಸ್ತ್ರ ಹೇಳುವುದೇನು?

ಭಾರತದ ಜನಗಣತಿಯು ವ್ಯಕ್ತಿಯ ಜನ್ಮಸ್ಥಳ ಹಾಗೂ ಹಿಂದಿನ ವಾಸಸ್ಥಳಗಳನ್ನು ಆಧರಿಸಿ ವಲಸೆಯನ್ನು ಎಣಿಸುತ್ತದೆ. 2011ರ ಗಣತಿಯ ಪ್ರಕಾರ ದೇಶದಲ್ಲಿ ಸುಮಾರು 45 ಕೋಟಿ ಜನ ಹೀಗೆ ಸ್ಥಳಾಂತರಗೊಂಡವರು. ಇವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ತಮ್ಮ ಜಿಲ್ಲೆಯ ಗಡಿಯನ್ನೇ ದಾಟಿಲ್ಲ. ಮಹಿಳೆಯರೇ ಅಧಿಕ ಸಂಖ್ಯೆಯಲ್ಲಿದ್ದು, ಅವರ ವಲಸೆಗೆ ವಿವಾಹವೇ ಅತಿ ದೊಡ್ಡ ಕಾರಣ. ಅಂದರೆ ಪಕ್ಕದ ಊರಿಗೆ ಸೊಸೆಯಾಗಿ ಹೋದ ಹೆಣ್ಣುಮಗಳೂ ಲೆಕ್ಕದ ಪ್ರಕಾರ ವಲಸಿಗಳೇ.

ಈ ಸಂಗತಿಯನ್ನು ಶತಮಾನಕ್ಕೂ ಹಿಂದೆಯೇ ಗುರುತಿಸಿದವನು ಇಂಗ್ಲೆಂಡಿನಲ್ಲಿ ನೆಲೆಸಿದ್ದ ಭೂಗೋಳತಜ್ಞ ಅರ್ನ್ಸ್ಟ್ ಜಾರ್ಜ್ ರಾವೆನ್‌ಸ್ಟೈನ್. ಬ್ರಿಟನ್ನಿನ ಜನಗಣತಿಯನ್ನು ಪರಿಶೀಲಿಸಿ 1885ರಲ್ಲಿ ಆತ ಮಂಡಿಸಿದ ವಲಸೆಯ ನಿಯಮಗಳು ಇಂದಿಗೂ ಪಾಠವಾಗಿವೆ. ಬಹುಪಾಲು ಜನ ಹೋಗುವುದು ಸಮೀಪದ ಊರಿಗೆ. ಪಟ್ಟಣದ ಸುತ್ತಲಿನವರು ಪಟ್ಟಣ ಸೇರಿದಾಗ ಅವರು ಬಿಟ್ಟ ತೆರವನ್ನು ಇನ್ನೂ ದೂರದವರು ಬಂದು ತುಂಬುತ್ತಾರೆ. ಹೋಗುವ ಪ್ರತಿಯೊಂದು ಪ್ರವಾಹಕ್ಕೂ ಎದುರಾಗಿ ಬರುವ ಪ್ರವಾಹವೊಂದು ಇರುತ್ತದೆ. ಬಹುದೂರ ಹೋಗುವವರು ದೊಡ್ಡ ವ್ಯಾಪಾರ ಕೇಂದ್ರಗಳನ್ನೇ ಆರಿಸಿಕೊಳ್ಳುತ್ತಾರೆ. 1966ರಲ್ಲಿ ಎವರೆಟ್ ಲೀ ಎಂಬ ವಿದ್ವಾಂಸ ಇದನ್ನು ಮುಂದುವರಿಸಿ, ಹುಟ್ಟಿದೂರಿನಲ್ಲಿ ಹಿಡಿದಿಡುವ ಹಾಗೂ ಹೊರದೂಡುವ ಅಂಶಗಳು, ಹೋಗುವ ಊರಿನಲ್ಲಿ ಸೆಳೆಯುವ ಹಾಗೂ ಹಿಮ್ಮೆಟ್ಟಿಸುವ ಅಂಶಗಳು, ನಡುವಿನ ಅಡೆತಡೆಗಳು, ವ್ಯಕ್ತಿಯ ಸ್ವಂತ ಪರಿಸ್ಥಿತಿ ಎಂಬ ನಾಲ್ಕು ಭಾಗಗಳಲ್ಲಿ ವಲಸೆಯನ್ನು ವಿವೇಚಿಸಿದ.

ಈ ಸಿದ್ಧಾಂತಗಳು ಉಪಯುಕ್ತವೇ. ಆದರೆ ಇವುಗಳ ಕೇಂದ್ರದಲ್ಲಿರುವುದು ಲಾಭನಷ್ಟ ತೂಗಿ ತೀರ್ಮಾನಿಸುವ ಮನುಷ್ಯ. ತೀರ್ಮಾನಿಸುವ ಅವಕಾಶವೇ ಇಲ್ಲದವನ ವಿಷಯದಲ್ಲಿ ಶಾಸ್ತ್ರದ ತಕ್ಕಡಿ ಸಾಲದು. ಮಲೆನಾಡಿನ ಚರಿತ್ರೆ ಈ ಮಾತಿಗೆ ಸಾಕ್ಷಿ.

ಬೆಟ್ಟ ಹತ್ತಿದವರು

ಇಂದು ಮಲೆನಾಡಿನವರೆಂದು ಕರೆದುಕೊಳ್ಳುವವರಲ್ಲಿ ಎಲ್ಲರ ಪೂರ್ವಿಕರೂ ಇಲ್ಲಿಯವರಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳಗಳ ಕಾಡಂಚಿನಲ್ಲಿರುವ ಸಿದ್ದಿಗಳ ಹಿರಿಯರನ್ನು ಆಫ್ರಿಕಾದಿಂದ ಗುಲಾಮರನ್ನಾಗಿ ತರಲಾಗಿತ್ತು. ಗೋವೆಯ ಪೋರ್ಚುಗೀಸರ ಕೈಯಿಂದ ತಪ್ಪಿಸಿಕೊಂಡವರಿಗೆ ಘಟ್ಟದ ಕಾಡು ಆಶ್ರಯ ನೀಡಿತು. ಅದೇ ಜಿಲ್ಲೆಯ ದನಗರ ಗೌಳಿಗಳು ಎಮ್ಮೆಗಳೊಡನೆ ಮಹಾರಾಷ್ಟ್ರದ ಕಡೆಯಿಂದ ಮೇವು ಅರಸಿ ಬಂದವರು. 1966ರಲ್ಲಿ ಮುಂಡಗೋಡಿನಲ್ಲಿ ನೆಲೆಗೊಂಡ ಟಿಬೆಟ್ಟಿನ ನಿರಾಶ್ರಿತರು ರಾಜಕೀಯ ಕಾರಣದಿಂದ ಹಿಮಾಲಯ ದಾಟಿದವರು. ದಾಸ್ಯ, ಮೇವು, ರಾಜಕೀಯ: ಒಂದೇ ಜಿಲ್ಲೆಗೆ ಮೂರು ಸಮುದಾಯಗಳು ಮೂರು ಬೇರೆ ಕಾರಣಗಳಿಂದ ಬಂದಿವೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಕೊಡಗು ಮತ್ತು ಚಿಕ್ಕಮಗಳೂರಿನ ಬೆಟ್ಟಗಳಲ್ಲಿ ಐರೋಪ್ಯರ ಕಾಫಿ ತೋಟಗಳು ಹಬ್ಬಿದಾಗ ದುಡಿಯುವ ಕೈಗಳು ಸ್ಥಳೀಯವಾಗಿ ಸಾಲಲಿಲ್ಲ. ಮೇಸ್ತ್ರಿಗಳು ಘಟ್ಟದ ಕೆಳಗಿನಿಂದಲೂ ಬಯಲುಸೀಮೆಯಿಂದಲೂ ತಮಿಳು ನಾಡಿನಿಂದಲೂ ಮುಂಗಡ ಹಣ ಕೊಟ್ಟು ಆಳುಗಳನ್ನು ಕರೆತಂದರು. ಆ ಮುಂಗಡವೇ ಸಂಕೋಲೆಯಾಯಿತು. ಮುಂಗಡ ಪಡೆದು ಕೆಲಸ ಬಿಟ್ಟ ಆಳನ್ನು ಶಿಕ್ಷೆಗೆ ಗುರಿಪಡಿಸಲು 1859ರ ಕಾಯ್ದೆಯೊಂದು ಬ್ರಿಟಿಷ್ ಆಡಳಿತದ ಪ್ರದೇಶಗಳಲ್ಲಿ ಅವಕಾಶ ನೀಡಿತ್ತು. ಅದು ರದ್ದಾದದ್ದು 1925ರಲ್ಲಿ. ಬಡತನ ಹೊರದೂಡಿತು, ತೋಟದ ಕೂಲಿ ಸೆಳೆಯಿತು ಎಂದಷ್ಟೇ ಹೇಳಿದರೆ ನಡುವೆ ನಿಂತಿದ್ದ ಮೇಸ್ತ್ರಿಯೂ ಸಾಲವೂ ಕಾಯ್ದೆಯೂ ಕಣ್ಮರೆಯಾಗುತ್ತವೆ.

ಬಂದವರೆಲ್ಲರೂ ಉಳಿಯಲಿಲ್ಲ. ಮಲೇರಿಯವು ಮಲೆನಾಡಿನ ದೊಡ್ಡ ಶಾಪವಾಗಿತ್ತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮಲೆನಾಡಿನ ಜನಸಂಖ್ಯೆ ಕುಗ್ಗುತ್ತಿದ್ದುದು ಮೈಸೂರು ಸಂಸ್ಥಾನದ ಆಡಳಿತಕ್ಕೇ ಚಿಂತೆಯ ವಿಷಯವಾಗಿತ್ತು. ಸ್ವಾತಂತ್ರ್ಯಾನಂತರ ಮಲೇರಿಯ ಹತೋಟಿಗೆ ಬಂದ ಮೇಲೆಯೇ ಇಲ್ಲಿ ನೆಲೆಸುವ ಧೈರ್ಯ ಹೊರಗಿನವರಿಗೆ ಬಂದಿತು. ಲೀ ಹೇಳಿದ ‘ನಡುವಿನ ಅಡೆತಡೆ’ ಎಂದರೆ ಕೇವಲ ಬೆಟ್ಟವೋ ಹೊಳೆಯೋ ಆಗಿರಬೇಕಿಲ್ಲ. ಇಲ್ಲಿ ಅದು ಒಂದು ಸೊಳ್ಳೆಯಾಗಿತ್ತು.

ನೀರು ಹೊರಹಾಕಿದವರು

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಕಡಲು ಸೇರುವ ಶರಾವತಿಯ ಉದ್ದ ಸುಮಾರು 128 ಕಿ.ಮೀ. ಈ ಪುಟ್ಟ ನದಿಗೆ ಹಿರೇಭಾಸ್ಕರ ಅಣೆಕಟ್ಟು ಮೊದಲು ಬಂತು. ಜೋಗದ ವಿದ್ಯುದಾಗಾರ 1948ರಲ್ಲಿ ಆರಂಭವಾಯಿತು. ಬಳಿಕ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಹಿರೇಭಾಸ್ಕರವೇ ಅದರ ನೀರಿನಲ್ಲಿ ಮುಳುಗಿತು. ಅದರೊಡನೆ ಸಾಗರ, ಹೊಸನಗರ ತಾಲ್ಲೂಕುಗಳ ಗದ್ದೆ, ತೋಟ, ದೇವಸ್ಥಾನ, ಸ್ಮಶಾನಗಳೂ ಮುಳುಗಿದವು. ಹೀಗೆ ಉಂಟಾದ ಜಲಾಶಯದಿಂದ 1,035 ಮೆಗಾವ್ಯಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರ ನಡೆಯಿತು. ರಾಜ್ಯದ ನಗರಗಳೂ ಕಾರ್ಖಾನೆಗಳೂ ಬೆಳಕು ಕಂಡವು. ‘ಮುಳುಗಡೆ’ ಎಂಬ ಪದ ಸಾಗರ ಸೀಮೆಯಲ್ಲಿ ಕಾಲವನ್ನು ಗುರುತಿಸುವ ಪದವಾಯಿತು: ಮುಳುಗಡೆಗೆ ಮುಂಚೆ, ಮುಳುಗಡೆಯ ಅನಂತರ. ಸಾಗರದ ಲೇಖಕ ನಾ. ಡಿಸೋಜ (1937–2025) ಅವರು ಈ ನೋವನ್ನು ಕಾದಂಬರಿಗಳಲ್ಲಿ ದಾಖಲಿಸಿದರು. ಅವರ ‘ದ್ವೀಪ’ವನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು ಚಲನಚಿತ್ರವನ್ನೂ ನಿರ್ದೇಶಿಸಿದರು.

ಹೊರಟವರ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅನೇಕ ಕುಟುಂಬಗಳನ್ನು ಶಿವಮೊಗ್ಗ ಜಿಲ್ಲೆಯ ನಾನಾ ತಾಲ್ಲೂಕುಗಳ ಅರಣ್ಯ ಭೂಮಿಗೆ ಕಳುಹಿಸಲಾಯಿತು. ನೆಲ ತೋರಿಸಿದರು, ಆದರೆ ಅರಣ್ಯ ಇಲಾಖೆಯ ದಾಖಲೆಯಿಂದ ಕಂದಾಯ ಇಲಾಖೆಯ ದಾಖಲೆಗೆ ಆ ನೆಲ ಕ್ರಮಬದ್ಧವಾಗಿ ವರ್ಗವಾಗಲಿಲ್ಲ. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂದು, ಅರಣ್ಯ ಭೂಮಿಯನ್ನು ಅನ್ಯ ಉದ್ದೇಶಕ್ಕೆ ಬಿಡಲು ಕೇಂದ್ರ ಸರ್ಕಾರದ ಪೂರ್ವಾನುಮತಿ ಕಡ್ಡಾಯವಾಯಿತು. ಮುಂದೆ ರಾಜ್ಯ ಸರ್ಕಾರ ಹೊರಡಿಸಿದ ಭೂಮಿ ಬಿಡುಗಡೆಯ ಆದೇಶಗಳು ಈ ಅನುಮತಿಯಿಲ್ಲದ ಕಾರಣಕ್ಕೆ ಹೈಕೋರ್ಟಿನಲ್ಲಿ 2021ರಲ್ಲಿ ಬಿದ್ದುಹೋದವು.

2006ರ ಅರಣ್ಯ ಹಕ್ಕು ಕಾಯ್ದೆಯಾದರೂ ನೆರವಾಗಬಹುದಿತ್ತು. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷ ಕಾಡಿನಲ್ಲಿ ನೆಲೆಸಿದ್ದುದಕ್ಕೆ ಸಾಕ್ಷ್ಯ ಒದಗಿಸಬೇಕು. 1960ರ ದಶಕದಲ್ಲಿ ಸರ್ಕಾರವೇ ಎಬ್ಬಿಸಿ ಕಳುಹಿಸಿದ ಕುಟುಂಬ ಹೊಸ ಊರಿನಲ್ಲಿ 75 ವರ್ಷದ ಸಾಕ್ಷ್ಯವನ್ನು ಎಲ್ಲಿಂದ ತರಬೇಕು? ಹಳೆಯ ಊರಿನ ಸಾಕ್ಷ್ಯವೆಲ್ಲ ಜಲಾಶಯದ ತಳದಲ್ಲಿದೆ. ನಾಡಿಗಾಗಿ ನೆಲ ಬಿಟ್ಟವರ ಮೊಮ್ಮಕ್ಕಳಿಗೆ ‘ಒತ್ತುವರಿದಾರ’ ಎಂಬ ಹೆಸರು ಅಂಟಿದುದು ಹೀಗೆ.

ಊರು ಬಿಡದೆ ಉಳಿದವರಿಗೂ ನೆಮ್ಮದಿ ಇರಲಿಲ್ಲ. ತುಮರಿ ಭಾಗದ ಹಳ್ಳಿಗಳು ಹಿನ್ನೀರಿನ ಆಚೆಗೆ ಉಳಿದು ದಶಕಗಟ್ಟಲೆ ಲಾಂಚನ್ನೇ ನಂಬಬೇಕಾಯಿತು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈನಲ್ಲಿ. ಅಣೆಕಟ್ಟು ಮುಗಿದು 61 ವರ್ಷಗಳ ಬಳಿಕ. ಕಾಳಿ ಕಣಿವೆಯಲ್ಲಿಯೂ ಸೂಪಾ ಎಂಬ ಊರೇ ಜಲಾಶಯದಲ್ಲಿ ಮುಳುಗಿ, ತಾಲ್ಲೂಕು ಕೇಂದ್ರವು ಜೋಯಿಡಾಕ್ಕೆ ಹೋಯಿತು.

ಇದಕ್ಕೆ ಹೋಲಿಸಿ ನೋಡಬೇಕಾದ ಇನ್ನೊಂದು ಉದಾಹರಣೆ ಭದ್ರಾ ಅಭಯಾರಣ್ಯದ್ದು. 2001–02ರ ಸುಮಾರಿಗೆ ಅಲ್ಲಿಯ 400ಕ್ಕೂ ಹೆಚ್ಚು ಕುಟುಂಬಗಳು ಕಾಡಿನೊಳಗಿನಿಂದ ಎಂ.ಸಿ. ಹಳ್ಳಿ ಹಾಗೂ ಕೆಳಗೂರುಗಳಿಗೆ ಬಂದವು. ಬದಲಿ ಜಮೀನು, ನಿವೇಶನ, ರಸ್ತೆ, ಶಾಲೆಗಳ ವ್ಯವಸ್ಥೆ ಅಲ್ಲಿ ಸ್ಥಳಾಂತರದ ಭಾಗವೇ ಆಗಿತ್ತು. ಹುಟ್ಟಿದ ನೆಲ ಬಿಟ್ಟ ಸಂಕಟ ಅಲ್ಲಿಯೂ ಇದ್ದೇ ಇದೆ. ಆದರೂ ಕೈಯಲ್ಲಿ ಪಹಣಿ ಇರುವವನ ಸಂಕಟಕ್ಕೂ ಅದಿಲ್ಲದವನ ಸಂಕಟಕ್ಕೂ ಅಂತರವಿದೆ. ಸ್ಥಳಾಂತರವು ಅನ್ಯಾಯವಾಗುವುದು ಬಹುಮಟ್ಟಿಗೆ ಆ ಅಂತರದಲ್ಲಿ.

ಸದ್ದಿಲ್ಲದೆ ಹೊರಟವರು

ಮೇಲಿನವು ಸದ್ದು ಮಾಡಿದ ವಲಸೆಗಳು. ಈಚಿನ ದಶಕಗಳಲ್ಲಿ ನಡೆದಿರುವುದು ಸದ್ದಿಲ್ಲದ ವಲಸೆ. 2001ರಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 11,40,905, 2011ರಲ್ಲಿ 11,37,961. ಕರ್ನಾಟಕದಲ್ಲಿ ಆ ದಶಕದಲ್ಲಿ ಜನಸಂಖ್ಯೆ ಇಳಿದ ಏಕೈಕ ಜಿಲ್ಲೆ ಇದು. ಕೊಡಗು ಶೇಕಡ ಒಂದರಷ್ಟು ಮಾತ್ರ ಬೆಳೆಯಿತು. ಅದೇ ಅವಧಿಯಲ್ಲಿ ಬೆಂಗಳೂರು ನಗರ ಜಿಲ್ಲೆ ಶೇ. 47ರಷ್ಟು ಬೆಳೆದು 96 ಲಕ್ಷ ಮುಟ್ಟಿತು. ಮಲೆನಾಡಿನಲ್ಲಿ ಮರಣಕ್ಕಿಂತ ಜನನವೇ ಹೆಚ್ಚಿದ್ದರೂ ಒಟ್ಟು ಸಂಖ್ಯೆ ಇಳಿದಿದೆಯೆಂದರೆ, ಬಂದವರಿಗಿಂತ ಹೋದವರು ಹೆಚ್ಚು ಎಂದೇ ಅರ್ಥ. 2011ರ ಬಳಿಕದ ಜನಗಣತಿ 2021ರಲ್ಲಿ ನಡೆಯದೆ 2027ಕ್ಕೆ ನಿಗದಿಯಾಗಿರುವುದರಿಂದ ಹೊಸ ಚಿತ್ರ ಇನ್ನೂ ಸಿಗಬೇಕಿದೆ.

ಇನ್ನೊಂದು ಸುಳಿವು ಲಿಂಗಾನುಪಾತದಲ್ಲಿದೆ. 2011ರಲ್ಲಿ ರಾಜ್ಯದಲ್ಲಿ 1,000 ಪುರುಷರಿಗೆ 973 ಮಹಿಳೆಯರಿದ್ದರೆ ಚಿಕ್ಕಮಗಳೂರಿನಲ್ಲಿ 1,008, ಕೊಡಗಿನಲ್ಲಿ 1,019, ಉಡುಪಿಯಲ್ಲಿ 1,094 ಮಹಿಳೆಯರಿದ್ದರು. ದುಡಿಯುವ ವಯಸ್ಸಿನ ಗಂಡಸರು ಬೆಂಗಳೂರು, ಮುಂಬಯಿ, ಕೊಲ್ಲಿ ರಾಷ್ಟ್ರಗಳನ್ನು ಸೇರಿದ್ದು ಇದಕ್ಕೆ ಒಂದು ಮುಖ್ಯ ಕಾರಣ. ಹಳ್ಳಿಯಲ್ಲಿ ಉಳಿದವರು ಹಿರಿಯರು. ಮನೆಯ ಮಗ ಕಂಪ್ಯೂಟರ್ ಕಂಪನಿಯಲ್ಲಿ, ತೋಟ ಗುತ್ತಿಗೆಗೆ, ಶಾಲೆಯಲ್ಲಿ ಮಕ್ಕಳಿಲ್ಲ, ಬಸ್ಸಿಗೆ ಜನರಿಲ್ಲ. ಬಸ್ಸು ನಿಂತರೆ ಉಳಿದ ನಾಲ್ಕು ಮನೆಗಳವರೂ ಪೇಟೆ ಸೇರಲು ಯೋಚಿಸುತ್ತಾರೆ. ವಲಸೆ ವಲಸೆಗೆ ಕಾರಣವಾಗುವ ಬಗೆ ಇದು. ತೋಟವಿದ್ದೂ ಹಳ್ಳಿಯಲ್ಲಿರುವ ಯುವಕನಿಗೆ ಹೆಣ್ಣು ಸಿಗದ ಮಾತು ಇಂದು ಮನೆಮನೆಯ ಮಾತಾಗಿದೆ. ಇದರಲ್ಲಿ ಹೆಣ್ಣುಮಕ್ಕಳನ್ನು ದೂರುವುದು ಸಲ್ಲದು. ಓದಿದ ಹೆಣ್ಣುಮಗಳಿಗೆ ಅಡುಗೆಮನೆ, ಕೊಟ್ಟಿಗೆಗಳ ಹೊರತಾದ ಬದುಕನ್ನು ಹಳ್ಳಿ ತೋರಿಸಿದೆಯೇ ಎಂಬುದೂ ಕೇಳಬೇಕಾದ ಪ್ರಶ್ನೆ.

ರಾವೆನ್‌ಸ್ಟೈನ್ ಹೇಳಿದ ತೆರವು ತುಂಬುವ ನಿಯಮ ಇಲ್ಲಿ ಕಣ್ಣೆದುರೇ ನಡೆದಿದೆ. ಸ್ಥಳೀಯರು ಬಿಟ್ಟ ಕೆಲಸಕ್ಕೆ ಅಸ್ಸಾಂ, ಪಶ್ಚಿಮ ಬಂಗಾಳ, ಒಡಿಶಾ, ಝಾರ್ಖಂಡ್‌ಗಳಿಂದ ಕಾರ್ಮಿಕರು ಬಂದಿದ್ದಾರೆ. ತೋಟದ ಲೈನು ಮನೆಗಳಲ್ಲಿ ಇಂದು ಕೇಳುವುದು ಬಂಗಾಳಿ, ಅಸ್ಸಾಮಿ, ಸಾದ್ರಿ ಭಾಷೆಗಳು. ತೋಟ ಕಾರ್ಮಿಕರ ವಸತಿಗೆ 1951ರಲ್ಲಿಯೂ ಅಂತರರಾಜ್ಯ ವಲಸೆ ಕಾರ್ಮಿಕರ ರಕ್ಷಣೆಗೆ 1979ರಲ್ಲಿಯೂ ಬಂದ ಕಾಯ್ದೆಗಳು ಈಗ 2020ರ ಕಾರ್ಮಿಕ ಸಂಹಿತೆಯಲ್ಲಿ ಸೇರಿವೆ. ಕಾಯ್ದೆಯ ಹೆಸರು ಬದಲಾದರೂ ಕೇಳಬೇಕಾದ ಪ್ರಶ್ನೆ ಅದೇ: ಅವರ ಹೆಸರು ಯಾವುದಾದರೂ ಪುಸ್ತಕದಲ್ಲಿದೆಯೇ? ಅವರ ಮಕ್ಕಳು ಶಾಲೆಗೆ ಹೋಗುತ್ತಾರೆಯೇ? 2020ರ ಮಾರ್ಚ್‌ನಲ್ಲಿ ದೇಶವೇ ಬಾಗಿಲು ಮುಚ್ಚಿದಾಗ ಹೆದ್ದಾರಿಗಳಲ್ಲಿ ನಡೆದವರ ಲೆಕ್ಕ ಸರ್ಕಾರಗಳ ಬಳಿ ಇರಲಿಲ್ಲವೆಂಬುದನ್ನು ಮರೆಯಬಾರದು. ಅದೇ ದಿನಗಳಲ್ಲಿ ಬೆಂಗಳೂರಿನ ಮಲೆನಾಡಿಗರೂ ಹಳ್ಳಿಗೆ ಮರಳಿದರು. ಎದುರು ಪ್ರವಾಹವೆಂದರೆ ಇದೇ. ಅದು ಬಹುಕಾಲ ನಿಲ್ಲಲಿಲ್ಲವೆಂಬುದೂ ಸತ್ಯ.

ಬೆಟ್ಟವೇ ಕುಸಿದಾಗ

ಹವೆಯ ಬದಲಾವಣೆ ಈ ಪಟ್ಟಿಗೆ ಹೊಸ ಕಾರಣವನ್ನು ಸೇರಿಸಿದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಕುಸಿದಾಗ ಮನೆ ಕಳೆದುಕೊಂಡವರಿಗೆ ಜಂಬೂರು, ಕರ್ಣಂಗೇರಿ, ಮದೆನಾಡುಗಳಲ್ಲಿ ಮನೆ ಕಟ್ಟಿಕೊಡಲಾಯಿತು. ಮನೆ ಒಂದೆಡೆ, ತೋಟ ಇನ್ನೊಂದೆಡೆ ಆದಾಗ ರೈತ ನಿತ್ಯವೂ ವಲಸಿಗನಾಗುತ್ತಾನೆ. ಕಡಿದಾದ ಇಳಿಜಾರನ್ನು ಅಗೆದು ರಸ್ತೆ, ರೆಸಾರ್ಟು ಮಾಡುವವರು ಹೊರಗಿನಿಂದ ಬಂದು ಹೊರಗೇ ಹೋಗುವವರು. ಕುಸಿತದ ಕೆಳಗೆ ಇರುವವರು ಊರಿನವರು.

ಆಗಬೇಕಾದುದೇನು?

ವಲಸೆ ರೋಗವಲ್ಲ. ಓದಲು, ದುಡಿಯಲು, ಬಾಳಲು ಮನುಷ್ಯ ಹೊರಡುವುದು ಅವನ ಹಕ್ಕು. ಊರು ಬಿಟ್ಟವರನ್ನು ದ್ರೋಹಿಗಳೆನ್ನುವುದೂ ಊರಿಗೆ ಬಂದವರನ್ನು ಪರಕೀಯರೆನ್ನುವುದೂ ಸಮಾನವಾದ ತಪ್ಪುಗಳು. ಹೊರಡುವ ಸ್ವಾತಂತ್ರ್ಯದಷ್ಟೇ ಉಳಿಯುವ ಸ್ವಾತಂತ್ರ್ಯವೂ ಮುಖ್ಯ ಎಂಬುದು ಪರಿಸರ ಚಳವಳಿಯ ನಿಲುವಾಗಬೇಕು. ಕಾಡನ್ನೂ ಕೆರೆಯನ್ನೂ ಕಾಲುಸಂಕವನ್ನೂ ಬಲ್ಲ ಜನ ಇಲ್ಲವಾದ ಹಳ್ಳಿಯಲ್ಲಿ ಹೊಸ ಯೋಜನೆಯೊಂದು ಬಂದರೆ ಗ್ರಾಮಸಭೆಯಲ್ಲಿ ಎದ್ದು ಮಾತನಾಡುವವರು ಯಾರು? ಜನ ತೆರವಾದ ಕಣಿವೆ ಅಣೆಕಟ್ಟಿಗೂ ಗಣಿಗೂ ಸುಲಭದ ತುತ್ತು.

ಆದ್ದರಿಂದ ಪ್ರತಿಯೊಂದು ಶಾಲೆ, ಕಾಲೇಜಿನ ವಿದ್ಯಾರ್ಥಿಗಳು ತಮ್ಮ ಊರಿನ ವಲಸೆ ದಾಖಲೆಯನ್ನು ಸಿದ್ಧಪಡಿಸುವುದು ಉಚಿತ. ಪ್ರತಿ ಮನೆಯಿಂದ ಯಾರು, ಯಾವ ವರ್ಷ, ಎಲ್ಲಿಗೆ, ಯಾವ ಕಾರಣಕ್ಕೆ ಹೋದರು. ಯಾರು ಎಲ್ಲಿಂದ ಬಂದರು. ಯಾರ ಜಮೀನಿಗೆ ಯಾವ ಕಾಗದವಿದೆ. ಇಷ್ಟನ್ನು ಬರೆಯಲು ಒಂದು ನೋಟ್‌ಬುಕ್ಕು ಸಾಕು. ಮುಳುಗಡೆಯ ಕುಟುಂಬಗಳಿದ್ದ ಊರಿನಲ್ಲಿ ಹಿರಿಯರ ಹೇಳಿಕೆ, ಹಳೆಯ ಕಂದಾಯ ರಸೀದಿ, ಪರಿಹಾರದ ಆದೇಶಗಳ ಪ್ರತಿ ಸಂಗ್ರಹಿಸುವ ಕೆಲಸ ಮೊದಲು ಆಗಬೇಕು, ಏಕೆಂದರೆ ಆ ಊರುಗಳನ್ನು ಕಣ್ಣಾರೆ ಕಂಡವರು ಈಗ ಇಳಿವಯಸ್ಸಿನವರು. ತೋಟದ ಲೈನು ಮನೆಯ ಹೊಸಬರ ಹೆಸರೂ ಅದೇ ಪುಸ್ತಕದಲ್ಲಿ ಇರಬೇಕು. ಆ ಪುಸ್ತಕದ ಪ್ರತಿಯೊಂದು ಗ್ರಾಮ ಪಂಚಾಯಿತಿಗೆ ಸೇರಲಿ. ಬರುವ ಜನಗಣತಿಯ ಅಂಕಿಗಳನ್ನು ಅದರೊಡನೆ ಹೋಲಿಸಲಿ. ಸರ್ಕಾರದ ಲೆಕ್ಕ ಜಿಲ್ಲೆಯ ಮಟ್ಟದಲ್ಲಿ ನಿಲ್ಲುತ್ತದೆ. ಮನೆಯ ಬಾಗಿಲು ಏಕೆ ಮುಚ್ಚಿತು ಎಂಬ ಲೆಕ್ಕ ಊರಿನವರೇ ಇಡಬೇಕಾದುದು.