ನಿಂತ ಲಾರಿಯ ಹೊಗೆ, ಓಡುವ ಲಾರಿಯ ಹೊಗೆ

(ಹುನ್ನೂರಿನಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತು)



ಕಬ್ಬಿನ ಹಂಗಾಮು ಬಂತೆಂದರೆ ನಮ್ಮ ಹುನ್ನೂರ, ಜಮಖಂಡಿ, ಮುಧೋಳ ಭಾಗದ ರಸ್ತೆಗಳಲ್ಲಿ ಹಗಲೂ ರಾತ್ರಿ ಲಾರಿ, ಟ್ರ್ಯಾಕ್ಟರ್‌ಗಳದ್ದೇ ಸದ್ದು. ಹೇರು ತುಂಬಿದ ಲಾರಿ ಏರು ಹತ್ತುವಾಗ ಕರೇ ಹೊಗೆ ಬಿಡುತ್ತದೆ. ನಾವು ಸೆರಗು ಮೂಗಿಗೆ ಹಿಡಿದು ದಾಟುತ್ತೇವೆ. ಕೇಳಿದರೆ ಚಾಲಕರು, "ಹೊಗೆ ಸರ್ಟಿಫಿಕೇಟ್ ಐತ್ರಿ ಅಕ್ಕಾರ" ಅಂತಾರೆ. ಅದು ಸುಳ್ಳಲ್ಲ. ಆದರೆ ಆ ಪರೀಕ್ಷೆ ಹೇಗೆ ನಡೆಯುತ್ತದೆ, ನೋಡೋಣ.

ಲಾರಿ ನಿಂತಿರ್ತದೆ. ಗೇರಿಲ್ಲ, ಹೇರಿಲ್ಲ. ಎಕ್ಸಲರೇಟರ್ ಒತ್ತುತ್ತಾರೆ. ಹೊಗೆ ಎಷ್ಟು ಬೆಳಕನ್ನು ತಡೆಯಿತು ಎಂದು ಯಂತ್ರ ಹೇಳುತ್ತದೆ, ಅಷ್ಟೇ. ಕಣ್ಣಿಗೆ ಕಾಣದ ನೈಟ್ರೋಜನ್ ಆಕ್ಸೈಡ್ ಅನಿಲವನ್ನು ಅಳೆಯುವುದೇ ಇಲ್ಲ. ದಮ್ಮು ಇದ್ದವರಿಗೆ ಅದು ಬಹಳ ಕೆಟ್ಟದ್ದು. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ಹೇಳಿದೆ.

ನಮ್ಮ ಸಂಘದ ಪುಸ್ತಕದಲ್ಲಿ ಬಾಕಿ ಇಲ್ಲ ಅಂತ ಬರೆದ ಮಾತ್ರಕ್ಕೆ ಸಾಲ ತೀರ್ತದೇನ್ರಿ? ಪೆಟ್ಟಿಗೆ ತೆಗೆದು ಎಣಿಸಬೇಕು. ಅಮೆರಿಕಾದಲ್ಲಿ ಹಾಗೇ ಆಯಿತು. ಪ್ರಯೋಗಾಲಯದಲ್ಲಿ ಪಾಸಾದ ಲಾರಿ ಎಂಜಿನ್‌ಗಳು ಹೆದ್ದಾರಿಯಲ್ಲಿ ಮಿತಿ ಮೀರಿ ಈ ಅನಿಲ ಬಿಡುತ್ತಿದ್ದವು. 1998ರಲ್ಲಿ ಅಲ್ಲಿನ ಸರಕಾರ ಏಳು ಕಂಪನಿಗಳ ಮೇಲೆ ಕ್ರಮ ಕೈಗೊಂಡಿತು. ಆಮೇಲೆ ಅಳೆಯುವ ಯಂತ್ರವನ್ನು ಲಾರಿಯ ಮೇಲೇ ಇಟ್ಟು, ಹೊಗೆ ಕೊಳವೆಗೆ ಜೋಡಿಸಿ, ಹೇರು ಸಮೇತ ರಸ್ತೆಯಲ್ಲಿ ಓಡಿಸಿ ನೋಡುವ ಪದ್ಧತಿ ಬೆಳೆಯಿತು. ನಮ್ಮ ದೇಶದಲ್ಲೂ 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಬಂದಿದೆ. ಅದರಡಿ ಹೊಸ ಲಾರಿಗಳಿಗೆ ಈ ರಸ್ತೆ ಪರೀಕ್ಷೆಯೂ ಉಂಟು. ಟ್ರ್ಯಾಕ್ಟರ್‌ಗಳ ನಿಯಮ ಬೇರೆ. ಹಳೇ ಲಾರಿಗಳಿಗೆ ಇವತ್ತಿಗೂ ನಿಂತು ಮಾಡುವ ಪರೀಕ್ಷೆಯೇ.

ಹಾಗಾದರೆ ನಾವೇನು ಮಾಡಬಹುದು? ಎಷ್ಟೋ ಮನೆಗಳಲ್ಲಿ ಗಂಡನೋ ಮಗನೋ ಲಾರಿ ಓಡಿಸುತ್ತಾರೆ. ಅವರಿಗೆ ಇಷ್ಟು ಹೇಳೋಣ:

* ಮಿತಿ ಮೀರಿ ಹೇರಬೇಡಿ. ಏರ್ ಫಿಲ್ಟರ್, ಇಂಜೆಕ್ಟರ್ ಸಕಾಲಕ್ಕೆ ನೋಡಿಸಿ.
* ದೊಡ್ಡ ಬಿಎಸ್-6 ಲಾರಿಗೆ ಯೂರಿಯಾ ದ್ರಾವಣದ ಬೇರೆ ಟ್ಯಾಂಕ್ ಇರ್ತದೆ. ಆ ಕೆಟ್ಟ ಅನಿಲವನ್ನು ತಗ್ಗಿಸುವುದು ಅದೇ. ಹೊಲದ ಯೂರಿಯಾ ಕಲಸಿ ಹಾಕಬೇಡಿ, ಯಂತ್ರ ಕೆಡುತ್ತದೆ. ಅದಿಲ್ಲದೆ ಓಡುವಂತೆ ವೈರ್ ತಪ್ಪಿಸಲೂ ಬೇಡಿ.
* ಶಾಲೆ, ಅಂಗನವಾಡಿ ಮುಂದೆ ಎಂಜಿನ್ ಚಾಲೂ ಇಟ್ಟು ನಿಲ್ಲಬೇಡಿ.

ನಾವು ಯಾರ ಹೊಟ್ಟೆ ಮೇಲೂ ಹೊಡೆಯಲು ಹೊರಟಿಲ್ಲ. ಕಬ್ಬು ನಮ್ಮ ಅನ್ನ. ಆದರೆ ಆ ಹೊಗೆಯನ್ನು ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಹೆಚ್ಚು ಕುಡಿಯುವವರು ಸ್ಟಿಯರಿಂಗ್ ಹಿಡಿದ ನಮ್ಮ ಮಕ್ಕಳೇ. ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕದ ಜೊತೆ ಈ ಲೆಕ್ಕವನ್ನೂ ಕೇಳೋಣ.